ಥರ್ಮಂಡ್ ಶಾಸನ: ಒಂದು ಪಾಠಾಂತರ ವಿಚಾರ

ಅಮೆರಿಕದ ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ, ವಿಧಾನಭವನದ ಅಂಗಳದಲ್ಲಿ, ಸ್ಟ್ರಾಮ್ ಥರ್ಮಂಡ್ (1902–2003) ಎಂಬ ಮಹಾಪುರುಷರ ಪ್ರತಿಮೆಯಿದೆ. ಅದರ ಪೀಠದ ಮೂಲಪಾಠದಲ್ಲಿ ಅವರು ನಾಲ್ಕು ಮಕ್ಕಳ ತಂದೆ. 2004ರ ಪರಿಷ್ಕೃತ ಪಾಠದಲ್ಲಿ ಐದು! ಹೊಸದಾಗಿ ಕೆತ್ತಿದ ಹೆಸರು ಎಸ್ಸಿ ಮೇ. ಇದು ಲಿಪಿಕಾರನ ಕೈತಪ್ಪೆಂದು ತಳ್ಳಿಹಾಕಲು ಬಾರದು. ಈ ಮಗಳು ಹುಟ್ಟಿದ್ದು 1925ರಲ್ಲಿ. ತಾಯಿ, ಥರ್ಮಂಡರ ತಂದೆಯ ಮನೆಯಲ್ಲಿ ಕೆಲಸಕ್ಕಿದ್ದ ಹದಿಹರೆಯದ ಕಪ್ಪು ಹುಡುಗಿ. ಅದೇ ಥರ್ಮಂಡ್ ಗವರ್ನರಾಗಿದ್ದಾಗ, 1948ರಲ್ಲಿ, ಬಿಳಿಯರೂ ಕಪ್ಪುಜನರೂ ಬೆರೆಯಕೂಡದೆಂಬ ಮಂತ್ರ ಜಪಿಸುತ್ತ ಅಧ್ಯಕ್ಷಗಿರಿಗೆ ನಿಂತು ನಾಲ್ಕು ರಾಜ್ಯ ಗೆದ್ದರು. ಈ ವಿಷಯದಲ್ಲಿ ಅಭ್ಯರ್ಥಿಗಿದ್ದ ಸ್ವಾನುಭವ ಮತದಾರರಿಗೆ ತಿಳಿದಿರಲಿಲ್ಲ.

1954ರಲ್ಲಿ ಸೆನೆಟ್ ಪ್ರವೇಶ. ಮತಪತ್ರದಲ್ಲಿ ಹೆಸರೇ ಅಚ್ಚಾಗಿರಲಿಲ್ಲ. ಜನ ಕೈಯಾರೆ ಬರೆದು ಗೆಲ್ಲಿಸಿದರು. ಆದ್ದರಿಂದ ಇವರನ್ನು ಹಸ್ತಪ್ರತಿ ಪರಂಪರೆಗೆ ಸೇರಿಸುವುದೇ ಶಾಸ್ತ್ರಸಮ್ಮತ.

ಇನ್ನು ಮೇರುಕೃತಿ. 1957ರ ಆಗಸ್ಟ್ 28ರ ರಾತ್ರಿ, ಕಪ್ಪುಜನರ ಮತದ ಹಕ್ಕನ್ನು ಕಾಯುವ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ಎದ್ದು ನಿಂತವರು 24 ಗಂಟೆ 18 ನಿಮಿಷ ಕೂರಲಿಲ್ಲ. ಮುಂಚಿತವಾಗಿ ಹಬೆಸ್ನಾನ ಮಾಡಿ ಮೈಯ ನೀರಿಳಿಸಿಕೊಂಡಿದ್ದರು. ಒಂದು ಕಾಲು ಸಭೆಯೊಳಗೇ ಇದ್ದರೆ ಮಾತಿನ ಹಕ್ಕು ಉಳಿಯುತ್ತದೆಂದು ಪಕ್ಕದ ಕೋಣೆಯಲ್ಲಿ ಬಕೆಟ್ ಸಮೇತ ಸಹಾಯಕನೊಬ್ಬನನ್ನು ನಿಲ್ಲಿಸಿದ್ದರು. (ಪ್ರಜಾಪ್ರಭುತ್ವದ ಇತಿಹಾಸಕಾರರು ಈ ಬಕೆಟ್ಟಿಗೆ ಒಂದು ಅಧ್ಯಾಯವನ್ನಾದರೂ ಕೊಡಬೇಕಿತ್ತು.) ಭಾಷಣದ ತಿರುಳೆಂದರೆ, ಒಂದೊಂದೇ ರಾಜ್ಯದ ಚುನಾವಣಾ ಕಾನೂನುಗಳ ಪಾರಾಯಣ. ಕೊನೆಗೆ ಕೂತರು; ಎರಡು ಗಂಟೆಯೊಳಗೆ ಮಸೂದೆ ಪಾಸಾಯಿತು.

1964ರಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದರು. ಅದೇ ವರ್ಷ, ಸಮಿತಿಗೆ ಕೋರಂ ಆಗದಿರಲೆಂದು ಬಾಗಿಲಲ್ಲೇ ಟೆಕ್ಸಾಸಿನ ಸೆನೆಟರ್ ರಾಲ್ಫ್ ಯಾರ್ಬರೋ ಅವರನ್ನು ಹಿಡಿದು ನೆಲಕ್ಕೆ ಕೆಡವಿದರು. ಸೈದ್ಧಾಂತಿಕ ಬದ್ಧತೆ ಎಂದರೆ ಇದೇ. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆಗೆ ಮತ ಹಾಕಿದಾಗ ಬದಲಾದದ್ದು ಆತ್ಮವೋ ಮತದಾರರ ಪಟ್ಟಿಯೋ ಎಂಬ ಪ್ರಶ್ನೆಯನ್ನು ಮುಂದಿನ ಪಿಎಚ್‌ಡಿಗೆ ಬಿಟ್ಟಿದೆ. ನೂರು ತುಂಬಿದ ಹುಟ್ಟುಹಬ್ಬದಂದೂ ಸೆನೆಟರೇ.

1957ರ ಆ ಅತಿ ದೀರ್ಘ ಭಾಷಣದ ದಾಖಲೆ 2025ರ ಏಪ್ರಿಲ್ 1ರವರೆಗೆ ನಿಂತಿತ್ತು. 25 ಗಂಟೆ 5 ನಿಮಿಷ ಮಾತಾಡಿ ಅಂದು ಅದನ್ನು ಮುರಿದವರು ಕಪ್ಪು ಸೆನೆಟರ್ ಕೋರಿ ಬೂಕರ್. ಅವರದು ಹಬೆಸ್ನಾನ ಪಂಥವಲ್ಲ. ದಿನಗಳ ಮೊದಲೇ ಅನ್ನ ಬಿಟ್ಟು, ಹಿಂದಿನ ರಾತ್ರಿ ನೀರೂ ಬಿಟ್ಟು ಬಂದ ನಿರಾಹಾರ ಪಂಥ. ಬಕೆಟ್ಟಿನ ಉಲ್ಲೇಖವಿಲ್ಲ.