ಗೇರುಗಳ ಬೀಗತನ

ಸೈಕಲ್ ಗೇರುಗಳಲ್ಲಿ ಎರಡು ಮನೆತನ. ಹಬ್ ಗೇರಿನವರು ಭಾರಿ ಮರ್ಯಾದಸ್ಥರು; ಹಿಂದಿನ ಚಕ್ರದ ನಡುವೆ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೋ ಬೀದಿಗೆ ಗೊತ್ತಾಗದು. ಡಿರೇಲರ್ ಮನೆಯವರದು ಎಲ್ಲ ಬಯಲಲ್ಲೇ: ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಬ್ಬುವುದು, ಧೂಳು ತಿನ್ನುವುದು, ಗಲಾಟೆ ಮಾಡುವುದು. ಇವರಿಬ್ಬರಿಗೆ ಬೀಗತನ ಮಾಡಿಸುವ ಉಸಾಬರಿ ನನಗೆ ಹತ್ತಿದ್ದು ಹಳೆಯ ಸ್ಟರ್ಮಿ-ಆರ್ಚರ್ ಹಬ್ ಒಂದು ಕೈಗೆ ಸಿಕ್ಕ ಮೇಲೆ.

ನಾಟಿಂಗ್‌ಹ್ಯಾಮಿನ ಆ ಕಂಪನಿ 1936ರಲ್ಲಿ ಹೊರತಂದ ಎಡಬ್ಲ್ಯೂ ಎಂಬ ಮೂರು ಗೇರಿನ ಮಾದರಿ ಅದು. ಜಾತಕ ನೋಡೋಣವೆಂದು ಬಿಚ್ಚಿದರೆ ಒಳಗೆ ಗ್ರಹಗಳೇ ಕೂತಿದ್ದವು! ನಡುವೆ ಅಲುಗಾಡದ 20 ಹಲ್ಲಿನ ಸೂರ್ಯ, ಸುತ್ತ ಅಷ್ಟೇ ಹಲ್ಲಿನ ನಾಲ್ಕು ಗ್ರಹ, ಹೊರಗೆ 60 ಹಲ್ಲಿನ ಬಳೆ. ನಡು ಗೇರಿನ ವೇಗ ಒಂದು ಎಂದರೆ ಕೆಳಗಿನದು ಮುಕ್ಕಾಲು, ಮೇಲಿನದು ಒಂದೂ ಮೂರನೇ ಒಂದು. ಹನುಮಂತನಗರದ ಏರಿನಲ್ಲಿ ಒಂದು ಗೇರು ಭಾರ, ಇನ್ನೊಂದು ತೀರಾ ಹಗುರ. ನನ್ನ ಮಂಡಿಗೆ ಬೇಕಾದದ್ದು ಎರಡರ ನಡುವೆ ಎಲ್ಲೋ.

ಹಬ್ಬಿನ ಮೇಲೆ 16 ಮತ್ತು 18 ಹಲ್ಲಿನ ಎರಡು ಚಕ್ರ ಕೂರಿಸಿ, ಚೈನು ದಾಟಿಸಲು ಡಿರೇಲರ್ ಕಟ್ಟಿದರೆ ಮೂರೆರಡ್ಲಿ ಆರು.

“ಡಿರೇಲರ್ ಕಾಟ ಬೇಡ ಅಂತಾನೇ ಅಲ್ವಾ ಸಾರ್ ಹಬ್ ಗೇರ್ ಹಾಕೋದು?” ಎಂದ ಮೆಕ್ಯಾನಿಕ್. ಕೇಳಿಸದವನಂತೆ ಸ್ಪ್ಯಾನರ್ ಕೊಟ್ಟೆ. ಹಬ್ಬಿನ ದಪ್ಪ ಚೈನು ಡಿರೇಲರಿಗೆ ಒಗ್ಗದೆ ಸಣ್ಣ ಚೈನು ಬಂತು; ಅದು ಒಗ್ಗದೆ ಮುಂದಿನ ಹಲ್ಲುಚಕ್ರವೂ ಬದಲಾಯಿತು. ಮದುವೆ ಖರ್ಚು ಯಾರ ಅಂದಾಜಿಗೆ ನಿಂತಿದೆ?

ಆರು ಗೇರು ಬಂದವು, ಸಾಲಾಗಿ ಬರಲಿಲ್ಲ. ಎರಡರಿಂದ ಮೂರಕ್ಕೆ ಹೋಗಲು ಬಲಗೈ ಹಬ್ಬನ್ನು ಒಂದು ಮೆಟ್ಟಿಲು ಏರಿಸುವಾಗ ಎಡಗೈ ಡಿರೇಲರನ್ನು ಒಂದು ಮೆಟ್ಟಿಲು ಇಳಿಸಬೇಕು. ಅದರಲ್ಲೂ ಹಬ್ ಗೇರು ಬೀಳಬೇಕಾದರೆ ತುಳಿಯುವುದನ್ನು ಅರೆಗಳಿಗೆ ಸಡಿಲಿಸಬೇಕು; ಡಿರೇಲರ್ ಬೀಳಬೇಕಾದರೆ ತುಳಿಯುತ್ತಲೇ ಇರಬೇಕು. ಹಿಂದೆ ಬಿಎಂಟಿಸಿ ಬಸ್ಸು ಹಾರನ್ ಒತ್ತುತ್ತಿರುವಾಗ ಇಬ್ಬರು ಬೀಗರ ಮಾತನ್ನೂ ಒಟ್ಟಿಗೆ ನಡೆಸಿಕೊಡಲು ಯಾರಿಂದಾದೀತು? ಹಬ್ಬೋ, ಮೇಲಿನೆರಡು ಗೇರಿನಲ್ಲಿ ಟಿಕ್ ಟಿಕ್ ಎಂದು ಗೊಣಗುತ್ತದೆ. ಏರಿಗೆ ಬೇಕಾದ ಕೆಳಗಿನ ಗೇರಿನಲ್ಲಿ ಮೌನ. ಆಗ ದಾರಿಹೋಕರಿಗೆ ನನ್ನ ಏದುಸಿರು ಸ್ಪಷ್ಟವಾಗಿ ಕೇಳುತ್ತದೆ.

ಲಂಡನ್ನಿನ ಬ್ರಾಂಪ್ಟನ್ ಸೈಕಲ್ಲಿನ ಆರು ಗೇರೂ ಇಂಥದೇ ಸಂಬಂಧದ ಫಲ, ಮೂರು ಗೇರಿನ ಹಬ್ಬಿಗೆ 13 ಮತ್ತು 16 ಹಲ್ಲಿನ ಜೋಡಿ, ಜನ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಎಂದು ಹೆಂಡತಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

“ಅದನ್ನಾದ್ರೂ ಮಡಚಿ ಅಟ್ಟದ ಮೇಲಿಡಬಹುದು ಕಣ್ರೀ.”