ಕಾಯಿ, ಕಾಲ್ಮರಿ, ಕಂಡಕ್ಟರ್: ಯಮನೂರು ಸಿದ್ಧಾಂತ

ಗುರುತಿಲ್ಲದವರನ್ನು ನಂಬುವ ವಿದ್ಯೆ ಅಮೆರಿಕದ ಕಂಪನಿಗಳಿಂದ ಬಂತೆಂಬುದು ಪೂರ್ವಪಕ್ಷ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಪರರ ಮನೆಯಲ್ಲಿ ಮಲಗಲು ಕಲಿಸಿತು. ಮರುವರ್ಷ ಅದೇ ಊರಲ್ಲಿ ಹುಟ್ಟಿದ ಉಬರ್ ಪರರ ಕಾರು ಹತ್ತಲು ಕಲಿಸಿತು. ಇದರ ಖಂಡನೆಗೆ ಪ್ರಸ್ತುತ ಪ್ರಬಂಧವು ನವಲಗುಂದ ತಾಲ್ಲೂಕಿನ ಯಮನೂರನ್ನು ಪ್ರಮಾಣವಾಗಿ ಎತ್ತಿಕೊಂಡಿದೆ.

ಕ್ಷೇತ್ರಪರಿಚಯ: ಬೆಣ್ಣಿಹಳ್ಳದ ದಂಡೆಯ ಊರು. ಇಲ್ಲಿಯ ಸಂತನಿಗೆ ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ನಡೆದುಕೊಳ್ಳುತ್ತಾರೆ. ಹೋಳಿ ಹುಣ್ಣಿಮೆ ಮುಗಿಯುತ್ತಲೇ ಜಾತ್ರೆ. ಜನ ಹಳ್ಳದಲ್ಲಿ ಮಿಂದು ದರ್ಶನಕ್ಕೆ ನಿಲ್ಲುತ್ತಾರೆ. ಚಾಂಗದೇವ ಹಾವಿನ ಚಾಟಿ ಹಿಡಿದು, ಹುಲಿಯೇರಿ ಜ್ಞಾನೇಶ್ವರರನ್ನು ಕಾಣಹೋದಾಗ, ಅವರು ತಾವು ಕೂತ ಗೋಡೆಯನ್ನೇ ನಡೆಸಿಕೊಂಡು ಎದುರು ಬಂದರೆಂದು ಐತಿಹ್ಯ. ವಾಹನದ ನಂಬರ್, ಚಾಲಕನ ಫೋಟೊ, ಒಟಿಪಿ ಯಾವುದೂ ಇಲ್ಲದೆ ಈ ಭೇಟಿ ಸುಸೂತ್ರವಾಗಿ ನಡೆಯಿತೆಂಬ ಅಂಶವನ್ನು ವಿದ್ವಾಂಸರು ಈತನಕ ಕಡೆಗಣಿಸಿದ್ದಾರೆ.

ಮೊದಲ ಪ್ರಮಾಣ, ಟಂಟಂ. ಕಾರಿನ ಖಾಲಿ ಸೀಟು ಹಂಚುವ ಫ್ರಾನ್ಸಿನ ಬ್ಲಾಬ್ಲಾಕಾರ್ ಕಂಪನಿಯಲ್ಲಿ ಪ್ರಯಾಣಿಕರು ತಾವೆಷ್ಟು ಮಾತುಗಾರರೆಂದು ಮೊದಲೇ ತಿಳಿಸಬೇಕಿತ್ತು: ಮಿತಭಾಷಿಗೆ ಒಂದು ‘ಬ್ಲಾ’, ವಾಚಾಳಿಗೆ ಮೂರು. ನವಲಗುಂದದ ಟಂಟಮ್ಮಿನಲ್ಲಿ ಈ ವರ್ಗೀಕರಣ ನಿಷ್ಪ್ರಯೋಜಕ. ಅಲ್ಲಿ ಒಂದು ‘ಬ್ಲಾ’ದವರು ಹತ್ತುವುದೇ ಇಲ್ಲ.

“ಯಾವೂರ್ರೀ?”

“ಅಣ್ಣಿಗೇರಿ.”

“ಯಾರ ಪೈಕಿ?”

ಮೂರನೆಯ ಪ್ರಶ್ನೆ ಬರುವಷ್ಟರಲ್ಲಿ ಒಬ್ಬರ ಸೋದರತ್ತೆಯನ್ನು ಇನ್ನೊಬ್ಬರ ಊರಿಗೆ ಕೊಟ್ಟಿರುವ ಸಂಗತಿ ಹೊರಬೀಳುತ್ತದೆ. ಆಧಾರ್ ಕಾರ್ಡು ಚೀಲದಲ್ಲೇ ಉಳಿಯುತ್ತದೆ. ಆದರೆ ‘ಯಾರ ಪೈಕಿ’ ಎಲ್ಲರಿಗೂ ಹಿತವಾದ ಪ್ರಶ್ನೆಯಲ್ಲ; ಜಾತಿ ಕೆದಕುವ ಕೊಕ್ಕೆಯೂ ಅದರಲ್ಲಿದೆ. ಇದು ಹಳ್ಳಿಯ ರೋಗ, ಆ್ಯಪಿಗೆ ತಗಲುವುದಿಲ್ಲ ಎಂದು ಪೂರ್ವಪಕ್ಷದವರು ಬೀಗುವಂತಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಏರ್‌ಬಿಎನ್‌ಬಿ ಮನೆಗಳಿಗೆ ಹೆಸರಷ್ಟೇ ಬದಲಿಸಿ ಕೋರಿಕೆ ಕಳಿಸಿದಾಗ, ಕಪ್ಪು ಜನರದೆಂದು ತೋರುವ ಹೆಸರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಸುಮಾರು ಶೇಕಡಾ 16ರಷ್ಟು ಕಡಿಮೆ ಇತ್ತು. ಆ ಮನೆಗಳ ಮಾಲೀಕರೂ ‘ಯಾರ ಪೈಕಿ’ ಎಂದೇ ಕೇಳುತ್ತಿದ್ದರು, ಬಾಯಿ ಬಿಡದೆ.

ಎರಡನೆಯ ಪ್ರಮಾಣ ಕಾಯಿ-ಸಕ್ಕರೆ ಅಂಗಡಿ. “ಕಾಯಿ ಇಲ್ಲೇ ತಗೋರಿ, ಕಾಲ್ಮರಿ ಇಲ್ಲೇ ಬಿಡ್ರಿ” ಎಂಬ ಕರೆಗೆ ಓಗೊಟ್ಟು ಭಕ್ತರು ಹೆಸರು ತಿಳಿಯದ ವ್ಯಾಪಾರಿಯ ಮುಂದೆ ಚಪ್ಪಲಿ ಬಿಡುತ್ತಾರೆ. ಚೀಟಿಯಿಲ್ಲ, ಬಾಡಿಗೆಯಿಲ್ಲ, ಕಮಿಷನ್ನು ಕಾಯಿಯ ರೇಟಿನಲ್ಲೇ ಕೂತಿರುತ್ತದೆ. 2011ರಲ್ಲಿ ಅತಿಥಿಯೊಬ್ಬರು ಮನೆ ಲೂಟಿ ಮಾಡಿದ ಮೇಲೆ ಏರ್‌ಬಿಎನ್‌ಬಿ ಮಾಲೀಕರಿಗೆ 50,000 ಡಾಲರ್‌ವರೆಗೆ ಭರವಸೆ ಘೋಷಿಸಿತು, ಮುಂದಿನ ವರ್ಷ ಅದನ್ನು 10 ಲಕ್ಷಕ್ಕೆ ಏರಿಸಿತು. ಅಂಗಡಿಯವರ ಭರವಸೆ ಇನ್ನೂ ಸ್ಪಷ್ಟ: “ಹೋದ್ರ ನಮಗ ಕೇಳಬ್ಯಾಡ್ರಿ.” ಅನುಭವಸ್ಥರು ಒಂದು ಚಪ್ಪಲಿಯನ್ನು ಈ ಅಂಗಡಿಯಲ್ಲೂ ಇನ್ನೊಂದನ್ನು ಆಚೆ ಅಂಗಡಿಯಲ್ಲೂ ಬಿಡುವುದುಂಟು. ಶಾಸ್ತ್ರದಲ್ಲಿ ಇದನ್ನು ಅರ್ಧವಿಶ್ವಾಸ ಎಂದು ಕರೆಯತಕ್ಕದ್ದು.

ಕೊನೆಯ ಪ್ರಮಾಣ ವಾಯವ್ಯ ಸಾರಿಗೆಯ ಬಸ್ಸಿನಲ್ಲಿದೆ. ಚಿಲ್ಲರೆ ಮುಗಿದಾಗ ಕಂಡಕ್ಟರು ಇಬ್ಬರು ಅಪರಿಚಿತರ ನಡುವೆ ಒಂದೇ ನೋಟು ಇಟ್ಟು “ಇಬ್ರೂ ಹಂಚ್ಕೋರಿ” ಎನ್ನುತ್ತಾರೆ. ಹಂಚಿಕೆಯ ಆರ್ಥಿಕತೆಗೆ ಇದಕ್ಕಿಂತ ಶುದ್ಧ ನಿದರ್ಶನ ಜಗತ್ತಿನಲ್ಲಿಲ್ಲ. ನೋಟು ಯಾರ ಕಿಸೆಯಲ್ಲಿದೆಯೋ ಅವರ ಮೇಲೆ ಇನ್ನೊಬ್ಬರು ಊರು ಬರುವತನಕ ಕಣ್ಣಿಟ್ಟಿರುತ್ತಾರೆ. ಇಳಿದ ಮೇಲೆ ನೋಟು ಮುರಿಸಲು ಇಬ್ಬರೂ ಚಹಾ ಕುಡಿಯಬೇಕಾಗುತ್ತದೆ. ಹಂಚಬೇಕಾದ ಹಣ ಬಹುಪಾಲು ಅಲ್ಲೇ ಮುಗಿಯುತ್ತದೆ.

ಬಸ್ಸಿಗೆ ಯುಪಿಐ ಬಂದ ಮೇಲೆ ಈ ಶಾಖೆಗೆ ಅಧ್ಯಯನ ಸಾಮಗ್ರಿ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಆಸಕ್ತ ಸಂಶೋಧಕರು ಮುಂದಿನ ಹೋಳಿ ಮುಗಿದೊಡನೆ 500 ರೂಪಾಯಿಯ ನೋಟು ಹಿಡಿದು, ಹಳೇ ಚಪ್ಪಲಿ ಮೆಟ್ಟಿ, ಹುಬ್ಬಳ್ಳಿಯಲ್ಲಿ ಜಾತ್ರೆ ಸ್ಪೆಷಲ್ ಬಸ್ಸು ಹತ್ತತಕ್ಕದ್ದು.