ಮೂಳೆಯಿಲ್ಲದ ಕೋಳಿ, ಮುದ್ದೆಯಿಲ್ಲದ ಊಟ

ಕೋಲಾರದ ಕಡೆ ಯಾರನ್ನಾದರೂ "ರಾತ್ರಿ ಊಟಕ್ಕೆ ಬನ್ನಿ, ಕೋಳಿ ಮಾಡಿಸ್ತೀವಿ" ಎಂದು ಕರೆದರೆ ಮುದ್ದೆ ಇದ್ದೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದು ಲಗ್ನಪತ್ರಿಕೆಯಲ್ಲಿ 'ಗಂಡೂ ಬರುತ್ತಾನೆ' ಎಂದು ಅಚ್ಚು ಹಾಕಿಸಿದ ಹಾಗೆ. ಇಂಥ ಸೀಮೆಯಲ್ಲಿ ಬೀಗರಿಗೆ ಥಾಯ್ ಕೋಳಿ ನೂಡಲ್ಸ್ ಬಡಿಸೋಣ ಎಂದವಳು ನಮ್ಮ ಮಗಳು. ಹೆಸರು ಪಾಡ್ ಥಾಯ್.

ಸಾಮಾನಿನ ಪಟ್ಟಿ ನೋಡಿದರೆ ಥಾಯ್ಲೆಂಡು ಶ್ರೀನಿವಾಸಪುರದ ಪಕ್ಕದಲ್ಲೇ ಎಲ್ಲೋ ಇರಬೇಕು ಅನ್ನಿಸಿತು. ಹುಣಸೆಹಣ್ಣು, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಮೊಳಕೆ ಕಟ್ಟಿದ ಹೆಸರುಕಾಳು, ನಿಂಬೆಹಣ್ಣು. ಬೆಲ್ಲ ಅವರದು ತಾಳೆಯದು, ನಮ್ಮದು ಕಬ್ಬಿನದು. ನಂಚಿಕೊಳ್ಳಲು ಹಸಿ ಮಾವಿನಕಾಯಿ ಬೇಕೆಂದಾಗ ಶ್ರೀನಿವಾಸಪುರದ ದೊಡ್ಡಮ್ಮ ತೋಟದ ತೋತಾಪುರಿಯನ್ನು ಚೀಲಗಟ್ಟಲೆ ಹೊರಿಸಿಕೊಂಡು ಬಂದರು. ಟೊಮೊಟೊ ಮಾತ್ರ ಬೇಡವಂತೆ. ಲಾರಿಗಟ್ಟಲೆ ಟೊಮೊಟೊ ಕಳಿಸುವ ಕೋಲಾರಕ್ಕೆ ಅದೊಂದು ಅವಮಾನ.

ಬೆಂಗಳೂರಿನಿಂದ ತರಿಸಬೇಕಾದದ್ದು ಅಕ್ಕಿ ನೂಡಲ್ಸ್ ಮತ್ತು ಮೀನಿನ ಸಾಸ್. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಅಜ್ಜಿ ನಡುಮನೆಯಿಂದಲೇ, "ಕರಿಮೀನು ಸುಡ್ತಾ ಇದೀರೇನ್ರೇ?" ಎಂದರು. ಸಣ್ಣ ಮೀನನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ರಸ ಅದು. ಅಜ್ಜಿಯ ಮೂಗು ಥಾಯ್ಲೆಂಡಿಗೂ ಸಲ್ಲುತ್ತದೆ.

ಈ ಪಾಡ್ ಥಾಯ್ ತೀರಾ ಪುರಾತನವೇನಲ್ಲ. 1939ರಲ್ಲಿ ಸಯಾಮ್ ಎಂಬ ಹೆಸರು ತೆಗೆದು ಥಾಯ್ಲೆಂಡ್ ಎಂದು ಇಟ್ಟ ಪ್ರಧಾನಿ ಫಿಬೂನ್ ಸೋಂಗ್‌ಕ್ರಾಮ್ ಕಾಲದಲ್ಲಿ 'ನೂಡಲ್ಸ್ ತಿನ್ನಿ' ಎಂದು ಸರ್ಕಾರವೇ ಪ್ರಚಾರ ಮಾಡಿತ್ತು. ಸರ್ಕಾರ ಹೇಳಿ ಊಟ ಮಾಡಿಸುವುದೇ ಎಂದು ನಗುವಂತಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿ ತಿನ್ನಿರೆಂಬ ಉಪದೇಶ ಕೋಲಾರದವರಿಗೂ ಬಂತು!

ತೊಡಕು ಶುರುವಾದದ್ದು ಕೋಳಿಯಿಂದ. ಬಿರುಸು ಉರಿಯಲ್ಲಿ ಎರಡು ಮೂರು ನಿಮಿಷ ಹುರಿಯುವ ಅಡುಗೆಗೆ ನಾಟಿ ಕೋಳಿ ಬಗ್ಗುವುದಿಲ್ಲ; ಫಾರಂ ಕೋಳಿಯೇ ಆಗಬೇಕು, ಅದೂ ಮೂಳೆ ಬಿಡಿಸಿದ್ದು. ಹಾಗಾದರೆ ಅಳಿಯಂದಿರಿಗೆ ತೊಡೆ ಬಡಿಸುವುದು ಹೇಗೆ? ಎಲ್ಲರ ತಟ್ಟೆಯಲ್ಲೂ ಒಂದೇ ಅಳತೆಯ ಚೂರು ಬಿದ್ದರೆ ಅಳಿಯ ಯಾರು, ಅಳಿಯನ ಜೊತೆ ಬಂದವನು ಯಾರು?

ಎರಡನೆಯ ತೊಡಕು ಬಾಣಲೆಯದು. ನೂಡಲ್ಸನ್ನು ಬೇಯಿಸದೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಾಗುವಂತಿದ್ದರೂ ಒಳಗೆ ಗಟ್ಟಿಯಿರುವಾಗಲೇ ತೆಗೆಯಬೇಕು. ಹೊಗೆಯಾಡುವ ಬಾಣಲೆಗೆ ಕೋಳಿ, ಆಮೇಲೆ ನೂಡಲ್ಸ್, ಹುಣಸೆ ಬೆಲ್ಲದ ರಸ. ಎಲ್ಲವನ್ನೂ ಬದಿಗೆ ಸರಿಸಿ ಮೊಟ್ಟೆ ಒಡೆಯಬೇಕು. ಒಮ್ಮೆಗೆ ಇಬ್ಬರಿಗೆ ಮಾತ್ರ. ಹೆಚ್ಚು ತುಂಬಿದರೆ ಕಾವು ಇಳಿದು, ನೀರು ಬಿಟ್ಟು ಗೋಂದಾಗುತ್ತದೆ.

ನಮ್ಮವರೋ ಸಾಲಾಗಿ ಕೂತಿದ್ದರು. ಮೊದಲ ಎರಡು ತಟ್ಟೆ ಹೋದವು. ಮುಳಬಾಗಿಲಿನ ಬೀಗರು "ನೀವು ತಗೊಳ್ಳಿ" ಎಂದು ಮಾಲೂರಿನ ಚಿಕ್ಕಪ್ಪನ ಕಡೆ ತಳ್ಳಿದರು. ಅವರು "ಎಲ್ಲಾದ್ರೂ ಉಂಟಾ ಬೀಗ್ರೇ, ನೀವು ಮೊದಲು" ಎಂದು ಹಿಂದಕ್ಕೆ ತಳ್ಳಿದರು. ಮರ್ಯಾದೆ ಮುಗಿಯುವಷ್ಟರಲ್ಲಿ ನೂಡಲ್ಸ್ ತಣ್ಣಗಾಗಿತ್ತು. ಮಾತೆತ್ತಿದರೆ ತೆಲುಗಿಗೆ ಜಾರುವ ದೊಡ್ಡಮ್ಮ ಎರಡು ತುತ್ತು ತಿಂದು, "ಬಾಗಾನೇ ಉಂದಿ. ಸಂಗಟಿ ಎಕ್ಕಡ?" ಎಂದರು. ಚೆನ್ನಾಗೇನೋ ಇದೆ, ಸಂಗಟಿ ಎಲ್ಲಿ ಎಂದು. ಸಂಗಟಿ ಎಂದರೆ ಮುದ್ದೆಯೇ.

ನೆಂಟರಿಗೆ ಸಲ್ಲುವ ಅಡುಗೆ ಅದೇ ಥಾಯ್ಲೆಂಡಿನ ಉತ್ತರದಲ್ಲಿದೆ: ಚಿಯಾಂಗ್ ಮಾಯ್ ಕಡೆಯ ಖಾವ್ ಸೋಯ್. ತೆಂಗಿನಹಾಲಿನ ಕೋಳಿಸಾರು, ಮೂಳೆ ಸಮೇತ ತೊಡೆ, ಒಳಗೆ ಬೆಂದ ನೂಡಲ್ಸ್, ಮೇಲೆ ಕರಿದ ನೂಡಲ್ಸ್, ಪಕ್ಕದಲ್ಲಿ ಈರುಳ್ಳಿ, ನಿಂಬೆ ಹೋಳು. ನೂಡಲ್ಸ್ ಸಿಗದಿದ್ದರೆ ಒತ್ತು ಶಾವಿಗೆ ಹಾಕಿದರೂ ನಡೆದೀತು. ಪಾತ್ರೆಯಲ್ಲಿ ಕುದಿಯುವ ಸಾರಾದ್ದರಿಂದ ಎಷ್ಟು ಜನ ಬಂದರೂ ಒಟ್ಟಿಗೆ ಬಡಿಸಬಹುದು. ಅಳಿಯಂದಿರ ಮಾನವೂ ಉಳಿಯುತ್ತದೆ.

ಬರುವವರು ಇಬ್ಬರೇ ಆದರೆ ಬಾಣಲೆ ಇಡಿ, ಹೆಚ್ಚಿದ್ದರೆ ಸಾರಿಗೆ ಇಡಿ. ಎರಡಕ್ಕೂ ಮೊದಲು ಮುದ್ದೆಗೆ ಎಸರಿಡಿ.